ಏಮ್ಸ್ ಬೇಕು, ಜೊತಿಗೆ ಇನ್ನೊಂದು ಪಟ್ಟಿನೂ ಬೇಕು

(1/6)
ಈ ಸಲ ಫೋಟೋ ಕಡಿಮೆ, ಮಾತು ಜಾಸ್ತಿ. ಈಗ ಟೈಮ್ ಇಲ್ಲಾಂದ್ರ ಸೇವ್ ಮಾಡಿಟ್ಕೊಂಡು ರಾತ್ರಿ ಓದ್ರಿ.

ಮೂರು ತಿಂಗಳಿಂದ ಬೆಳಿಗ್ಗೆ ವಾಕಿಂಗ್ ಫೋಟೋ ಹಾಕ್ತಿದ್ದೀನಲ್ಲ, ಡಿಎಂನಲ್ಲಿ ಬರೋ ಪ್ರಶ್ನೆ ಒಂದೇ: ‘ರಾಯಚೂರಾಗ ವಾಕಿಂಗ್ ಮಾಡಾಕ ಜಾಗ ಎಲ್ಲದ?’ ನಗೋ ಇಮೋಜಿ ಬ್ಯಾರೆ. ಕೇಳೋದರಾಗ ತಪ್ಪೇನಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟೋ ಊರು ನಮ್ಮದು. ಎಂಟು ಗಂಟೆಗೇ ಬಿಸಿಲು ನೆತ್ತಿ ಸುಡ್ತದ. ರಸ್ತೆ ಬದಿ ನೆರಳು ಹುಡುಕಬೇಕು. ಫುಟ್‌ಪಾತ್ ಇದ್ದಲ್ಲಿ ಗಾಡಿ ನಿಂತಿರ್ತಾವ.

ರೀಲ್ಸ್ ತೆಗೆದ್ರೆ ಸಾಕು, ಯಾರೋ ಒಬ್ಬರು ಹೇಳ್ತಿರ್ತಾರೆ: ದಿನಕ್ಕೆ 10,000 ಹೆಜ್ಜೆ ಹಾಕಿ, ಮೂರು ಲೀಟರ್ ನೀರು ಕುಡಿಯಿರಿ, ನಿಮ್ಮ ಆರೋಗ್ಯ ನಿಮ್ಮ ಕೈಯಲ್ಲಿದೆ. ಖರೆ ಅದ, ಆದ್ರ ಅರ್ಧ ಖರೆ. ಹೆಜ್ಜೆ ಹಾಕೋದು ಯಾವ ರಸ್ತೆ ಮೇಲೆ? ಕುಡಿಯೋದು ಯಾವ ನೀರು? ಇವೆರಡೂ ನನ್ನ ಕೈಯಾಗಿಲ್ಲ, ನಿಮ್ಮ ಕೈಯಾಗೂ ಇಲ್ಲ. ಆ ಉಳಿದರ್ಧ ಆರೋಗ್ಯದ ಬಗ್ಗೆ ಈ ಸರಣಿ. ರಾಜಕೀಯ ಬ್ಯಾಡ ಅನ್ನೋರು ಇಲ್ಲೇ ಸ್ಕ್ರೋಲ್ ಮಾಡಬಹುದು, ಬೇಜಾರಿಲ್ಲ.

(2/6)
ಭೂಗೋಳದ ಪುಸ್ತಕದಲ್ಲಿ ನಮ್ಮ ಜಿಲ್ಲೆಗೆ ದೋಆಬ್ ಅಂತಾರೆ. ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ, ನಡುವೆ ನಾವು. ಈ ಎರಡು ನದಿ ನಡುವಿನ ನೆಲಕ್ಕಾಗಿ ರಾಜರು ನೂರಾರು ವರ್ಷ ಬಡಿದಾಡಿದ್ರು. 1520ರ ರಾಯಚೂರು ಯುದ್ಧ ನಡೆದದ್ದೂ ಇದಕ್ಕೇ.

ಅಂಥ ಊರಾಗ 2022ರ ಮೇ ಕೊನೆ, ಜೂನ್ ಶುರುವಿನಲ್ಲಿ ನಲ್ಲಿ ನೀರು ಕುಡಿದು ಜನ ಸತ್ತರು. ನದಿ ಬತ್ತಿರಲಿಲ್ಲ, ಬರಗಾಲವೂ ಇರಲಿಲ್ಲ. ಮನೆ ನಲ್ಲಿಗೆ ಬಂದ ನೀರೇ ಕಲುಷಿತ ಆಗಿತ್ತು. ವಾಂತಿ ಭೇದಿ ಅಂತ ಮಂದಿ ಆಸ್ಪತ್ರೆ ಸೇರಿದರು. ರಾಂಪುರದ ಶುದ್ಧೀಕರಣ ಘಟಕದ ನಿರ್ವಹಣೆ ಬಗ್ಗೆ ಪ್ರಶ್ನೆ ಎದ್ದವು. ತನಿಖೆಗೆ ಆದೇಶ ಆಯ್ತು, ಪರಿಹಾರ ಘೋಷಣೆ ಆಯ್ತು. ಆಮೇಲೆ ಏನಾತು? ಕ್ಯಾನ್ ನೀರಿನ ಗಾಡಿ ಹೆಚ್ಚಾದವು. ಅಂದ್ರ ರೊಕ್ಕ ಇದ್ದವರು ತಮ್ಮ ಸಮಸ್ಯೆ ತಾವೇ ಬಗೆಹರಿಸಿಕೊಂಡರು, ಇಲ್ಲದವರು ಮತ್ತ ಅದೇ ನಲ್ಲಿಗೆ ಕೊಡ ಹಿಡಿದರು.

ಇಲ್ಲಿ ಒಂದು ತಾರೀಖು ನೆನಪಿಡ್ರಿ. ರಾಯಚೂರಿಗೆ ಏಮ್ಸ್ ಕೊಡಿ ಅಂತ ಅನಿರ್ದಿಷ್ಟಾವಧಿ ಧರಣಿ ಶುರುವಾದದ್ದು ಅದೇ 2022ರ ಮೇ 13ಕ್ಕೆ. ದೊಡ್ಡಾಸ್ಪತ್ರೆ ಬೇಕು ಅಂತ ಜನ ಕುಂತ ತಿಂಗಳಲ್ಲೇ ಸಣ್ಣ ನಲ್ಲಿ ಜೀವ ತೆಗೀತು. ಎರಡನ್ನೂ ಒಟ್ಟಿಗೆ ನೋಡಬೇಕು ಅನ್ನೋದು ನನ್ನ ವಾದ.

(3/6)
ಮೊದಲು ಏಮ್ಸ್ ಯಾಕ ಬೇಕು ಅಂತ ಹೇಳ್ತೀನಿ. ಬಿಕಾಂ ಹುಡುಗರ ಭಾಷೆಯಲ್ಲೇ, ಖರ್ಚಿನ ಲೆಕ್ಕ ಬರೆದು.

ದೇವದುರ್ಗದ ಕಡೆ ಒಂದು ಹಳ್ಳಿ ಅಂದ್ಕೊಳ್ರಿ. ಮನೆ ಹಿರಿಯನಿಗೆ ಎದೆನೋವು. ಮೊದಲು ತಾಲೂಕು ದವಾಖಾನಿ. ಅಲ್ಲಿಂದ 50 ಕಿ.ಮೀ. ಆಸುಪಾಸು ದಾಟಿ ರಾಯಚೂರು. ಇಲ್ಲಿ 2007ರಲ್ಲಿ ಶುರುವಾದ ರಿಮ್ಸ್ ಅದ, ನಾವೆಲ್ಲ ‘ಓಪೆಕ್’ ಅನ್ನೋ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆನೂ ಅದ. ಆದರೂ ಕೇಸು ಗಂಭೀರ ಆದ್ರ ಜನರ ಬಾಯಾಗ ಬರೋ ಮಾತು ಒಂದೇ: ‘ಹೈದರಾಬಾದಿಗೆ ಒಯ್ರಿ.’ ಮತ್ತ 200 ಕಿ.ಮೀ. ಬೆಂಗಳೂರು ಅದರ ಎರಡರಷ್ಟು ದೂರ.

ಈಗ ಲೆಕ್ಕ. ಆಸ್ಪತ್ರೆ ಬಿಲ್ಲು ಒಂದು ಸಾಲು ಮಾತ್ರ, ಅದಕ್ಕೆ ಯಾವುದಾದರೂ ಕಾರ್ಡ್ ನಡೀಬಹುದು. ಉಳಿದ ಸಾಲುಗಳು: ಗಾಡಿ ಬಾಡಿಗೆ. ಜೊತಿಗೆ ಹೋದ ಇಬ್ಬರ ಊಟ, ಲಾಡ್ಜು. ಹತ್ತಿ ಬಿಡಿಸೋ ಹಂಗಾಮಿನಾಗ ಕಳಕೊಂಡ ಕೂಲಿ. ಬಡ್ಡಿಗೆ ತಂದ ಸಾಲ. ಮಾರಿದ ಎತ್ತು. ಸಾಲಿ ಬಿಟ್ಟು ಮನೆ ನೋಡಿಕೊಂಡ ಹುಡುಗಿ. ಇದ್ಯಾವುದಕ್ಕೂ ಕಾರ್ಡ್ ಇಲ್ಲ, ರಸೀದಿನೂ ಇಲ್ಲ. ಚಿಕಿತ್ಸೆ ಫ್ರೀ ಅಂತ ಸರ್ಕಾರ ಹೇಳಿದಾಗ ಅದು ಸುಳ್ಳಲ್ಲ, ಆದ್ರ ಚಿಕಿತ್ಸೆ ತನಕ ಹೋಗೋದು ಫ್ರೀ ಇಲ್ಲ.

ಇನ್ನೊಂದು ಮಾತು. 1948ರ ಸೆಪ್ಟೆಂಬರ್ 17ರ ತನಕ ನಾವು ನಿಜಾಮನ ರಾಜ್ಯದವರು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿದಿವಿ. 2019ರಲ್ಲಿ ‘ಹೈದರಾಬಾದ್ ಕರ್ನಾಟಕ’ ಅನ್ನೋ ಹೆಸರೂ ಹೋಗಿ ‘ಕಲ್ಯಾಣ ಕರ್ನಾಟಕ’ ಆಯ್ತು. ಹೆಸರು ಬದಲಾತು, ಆಂಬುಲೆನ್ಸ್ ಹೋಗೋ ದಿಕ್ಕು ಬದಲಾಗಲಿಲ್ಲ.

(4/6)
‘ನಿಮಗೆ 371ಜೆ ಕೊಟ್ಟಾರಲ್ಲ, ಇನ್ನೇನು ಬೇಕು?’ ಬ್ಯಾರೆ ಕಡೆ ಗೆಳೆಯರು ಕೇಳೋ ಪ್ರಶ್ನೆ ಇದು. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದದ್ದು. ನಮ್ಮ ಭಾಗದ ಕಾಲೇಜು ಸೀಟಿನಲ್ಲಿ 70% ನಮಗೆ, ರಾಜ್ಯದ ಉಳಿದ ಕಡೆ 8%. ಒಳ್ಳೇದಾಗ್ಯದ, ನನ್ನ ಕ್ಲಾಸಿನ ಅರ್ಧ ಮಂದಿ ಫೈಲಿನಾಗ ಆ ಸರ್ಟಿಫಿಕೇಟ್ ಇರ್ತದ. ಆದ್ರ ಅದು ಓದೋರಿಗೆ, ನೌಕರಿ ಹುಡುಕೋರಿಗೆ. ಎದೆನೋವು ಬಂದ ಅಜ್ಜನಿಗೆ ಸರ್ಟಿಫಿಕೇಟ್‌ನಿಂದ ಏನೂ ಆಗೋದಿಲ್ಲ.

ಕೊಡೋ ವಿಷಯಕ್ಕೆ ಬಂದ್ರ ನಾವೂ ಕಡಿಮೆ ಕೊಟ್ಟಿಲ್ಲ. ಶಕ್ತಿನಗರದ ಆರ್‌ಟಿಪಿಎಸ್ 1985ರಿಂದ ಕರೆಂಟ್ ಕೊಡ್ತಾ ಬಂದದ, ಎಂಟು ಘಟಕ, 1,720 ಮೆಗಾವ್ಯಾಟ್. ಬೂದಿ ಮಾತ್ರ ಇಲ್ಲೇ ಉಳೀತದ. ಹಟ್ಟಿಯಿಂದ ಚಿನ್ನ ಹೋಗ್ತದ. ಮಾನ್ವಿ, ಸಿಂಧನೂರಿನ ಸೋನಾಮಸೂರಿ ಬೆಂಗಳೂರಿನ ಎಷ್ಟು ಮನೆ ಕುಕ್ಕರಿನಾಗ ಕೂಗ್ತದೋ ಲೆಕ್ಕ ಇಲ್ಲ. ಅದೇ ಜಿಲ್ಲೆಯ ದೇವದುರ್ಗ, 2002ರ ನಂಜುಂಡಪ್ಪ ವರದಿಯ ‘ಅತ್ಯಂತ ಹಿಂದುಳಿದ’ 39 ತಾಲೂಕುಗಳ ಪಟ್ಟಿಯಲ್ಲಿತ್ತು. 2018ರಲ್ಲಿ ಕೇಂದ್ರ ಸರ್ಕಾರ ಆಕಾಂಕ್ಷಿ ಜಿಲ್ಲೆ ಪಟ್ಟಿ ಮಾಡಿದಾಗ ಕರ್ನಾಟಕದಿಂದ ಸೇರಿದ್ದು ರಾಯಚೂರು, ಯಾದಗಿರಿ. ಪಟ್ಟಿ ಬಂದಾಗೆಲ್ಲ ನಮ್ಮ ಹೆಸರು ಇರ್ತದ.

ಐಐಟಿ ಕೇಳಿದಾಗ ಅದು ಧಾರವಾಡಕ್ಕೆ ಹೋಯ್ತು, 2016ರಲ್ಲಿ ತರಗತಿನೂ ಶುರುವಾದವು. ನಮಗೆ 2019ರಲ್ಲಿ ಐಐಐಟಿ ಬಂತು, ಅದರ ಮೊದಲ ತರಗತಿಗಳು ನಡೆದದ್ದೂ ಹೈದರಾಬಾದ್ ಐಐಟಿ ಕ್ಯಾಂಪಸ್ಸಿನಾಗ! ಈ ಇತಿಹಾಸ ಗೊತ್ತಿದ್ದರೆ ಏಮ್ಸ್ ಧರಣಿ ಸಾವಿರ ದಿನ ದಾಟಿದ್ದು ಹಠ ಅನ್ನಿಸೋದಿಲ್ಲ. ಅದು ಶುರುವಾದಾಗ ನಾನು ಪಿಯುಸಿ ಹುಡುಗ, ಈಗ ಡಿಗ್ರಿ ಮುಗೀಲಿಕ್ಕೆ ಬಂತು. ತೆಲಂಗಾಣದ ಬೀಬಿನಗರದಲ್ಲಿ ಏಮ್ಸ್ ಅದ, ಆಂಧ್ರದ ಮಂಗಳಗಿರಿಯಲ್ಲಿ ಅದ. ನಮಗ ಬರಬೇಕು ಅನ್ನೋದರಾಗ ನನಗ ಎರಡು ಮಾತಿಲ್ಲ.

(5/6)
ಆದ್ರ ಇಲ್ಲೊಂದು ಆದ್ರ ಅದ.

ಅಕೌಂಟ್ಸ್‌ನಲ್ಲಿ ಎರಡು ಪದ ಕಲೀತೀವಿ: ಸ್ಥಿರಾಸ್ತಿ, ದುಡಿಯುವ ಬಂಡವಾಳ. ಕಟ್ಟಡ, ಮಷಿನ್ನು ಸ್ಥಿರಾಸ್ತಿ. ದಿನಾ ಅಂಗಡಿ ನಡೆಸಾಕ ಬೇಕಾದ ರೊಕ್ಕ ದುಡಿಯುವ ಬಂಡವಾಳ. ಚಲೋ ಫ್ಯಾಕ್ಟರಿ ಕಟ್ಟಿ, ಕೂಲಿ ಕೊಡಾಕ ರೊಕ್ಕ ಇಲ್ಲಾಂದ್ರ ಫ್ಯಾಕ್ಟರಿ ಮುಚ್ತದ. ಆಸ್ಪತ್ರೆನೂ ಹಂಗ. ನರ್ಸು, ಲ್ಯಾಬ್ ಟೆಕ್ನಿಷಿಯನ್, ಆಂಬುಲೆನ್ಸಿನ ಡೀಸೆಲ್, ಔಷಧ, ನೀರಿನ ಟ್ಯಾಂಕ್ ತೊಳೆಯೋ ಮನುಷ್ಯ. ಇದು ದುಡಿಯುವ ಬಂಡವಾಳ.

ನಮ್ಮ ರಾಜಕಾರಣ ಸ್ಥಿರಾಸ್ತಿ ಮೇಲೆ ನಡೀತದ. ಯಾಕಂದ್ರ ಕಟ್ಟಡಕ್ಕೆ ಅಡಿಗಲ್ಲು ಹಾಕಬಹುದು, ರಿಬ್ಬನ್ ಕತ್ತರಿಸಬಹುದು, ಹೆಸರು ಕೆತ್ತಿಸಬಹುದು. ಟ್ಯಾಂಕ್ ತೊಳೆದದ್ದಕ್ಕೆ ಯಾರೂ ರಿಬ್ಬನ್ ಕತ್ತರಿಸೋದಿಲ್ಲ. 2022ರಲ್ಲಿ ನಮ್ಮೂರಾಗ ಕೊರತೆ ಬಿದ್ದದ್ದು ಕಟ್ಟಡವಾ? ಅಲ್ಲ. ದಿನದಿನದ ಕೆಲಸ. ಅವತ್ತು ಏಮ್ಸ್ ಇದ್ದಿದ್ದರೆ ಕೆಲವರ ಜೀವ ಉಳಿಯುತ್ತಿತ್ತೇನೋ, ಆದ್ರ ಆ ನೀರು ಕುಡಿಯೋದಂತೂ ತಪ್ಪುತ್ತಿರಲಿಲ್ಲ.

ಸ್ವೈಪ್ ಮಾಡಿದ್ರ ಒಂದು ಫೋಟೋ ಸಿಗ್ತದ, ಕೋಟೆ ಗೋಡೆಯ ಶಾಸನದ ಕಲ್ಲು. 1294ರದು, 41 ಅಡಿ ಉದ್ದ. ಅಷ್ಟು ದೊಡ್ಡ ಕಲ್ಲನ್ನ ಕೋಣ ಕಟ್ಟಿದ ಬಂಡಿ ಮೇಲೆ ಎಳೆದು ತಂದ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ. ಕಟ್ಟಿಸಿದವರ ಹೆಸರೂ ಅದ, ಎಳೆದವರ ಕೆಲಸಾನೂ ಅದ. ಇವತ್ತಿನ ಅಡಿಗಲ್ಲುಗಳಲ್ಲಿ ಎರಡನೇದು ಹುಡುಕಿ ತೋರಿಸ್ರಿ.

‘ಹಿಂದುಳಿದ ಊರಿಗೆ ದೊಡ್ಡ ಡಾಕ್ಟರ್ ಬರೋದಿಲ್ಲ’ ಅನ್ನೋರಿಗೂ ಒಂದು ಉತ್ತರ. ಏಮ್ಸ್ ಅಂದ್ರ ಬರೀ ಆಸ್ಪತ್ರೆ ಅಲ್ಲ, ಡಾಕ್ಟರ್, ನರ್ಸ್ ತಯಾರು ಮಾಡೋ ಕಾಲೇಜು. ಬರೋದಿಲ್ಲ ಅಂತ ಕೊಡದೇ ಹೋದ್ರ, ಇಲ್ಲ ಅಂತ ಅವರೂ ಬರೋದಿಲ್ಲ. ಯಾರಾದರೂ ಒಬ್ಬರು ಮೊದಲು ಹೆಜ್ಜೆ ಇಡಬೇಕು, ಅದು ಸರ್ಕಾರವೇ ಆಗಬೇಕು.

(6/6)
ಹಂಗಾದ್ರ ನಾವು ಏನ್ ಮಾಡೋದು? ಏಮ್ಸ್ ನಾಳೆ ಮಂಜೂರಾದ್ರೂ ಕಟ್ಟಿ, ಡಾಕ್ಟರ್ ಬಂದು, ಬೆಡ್ ತುಂಬೋದಕ್ಕೆ ವರ್ಷಗಳು ಬೇಕು. ಅಲ್ಲಿ ತನಕ ಮಂದಿ ಕಾಯಿಲೆ ಬೀಳೋದು ನಿಲ್ಲಿಸ್ತಾರೇನು? ಅದಕ್ಕೇ ಇನ್ನೊಂದು ಪಟ್ಟಿ ಬೇಕು ಅಂದದ್ದು.

ಒಂದು: ದೇವದುರ್ಗ, ಮಾನ್ವಿ ತಾಲೂಕು ಆಸ್ಪತ್ರೆ ಬಾಗಿಲಲ್ಲೇ ಬೋರ್ಡ್ ಹಾಕಲಿ. ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದು ಎಷ್ಟು, ಇವತ್ತು ಡ್ಯೂಟಿಯಲ್ಲಿ ಯಾರು.
ಎರಡು: ವಾರ್ಡಿಗೊಂದು ನೀರಿನ ಟೆಸ್ಟ್ ರಿಪೋರ್ಟ್, ತಿಂಗಳಿಗೊಮ್ಮೆ, ಎಲ್ಲರಿಗೂ ಕಾಣೋ ಜಾಗದಲ್ಲಿ.
ಮೂರು: ನಡೆಯೋ ಮಂದಿಗೆ ರಸ್ತೆ ಬದಿ ಗಿಡ. ಶುಗರ್ ಗುಳಿಗೆಗಿಂತ ಬೇವಿನ ಗಿಡ ಅಗ್ಗ.

ಇವು ದೊಡ್ಡ ಬೇಡಿಕೆ ಅಲ್ಲ. ಬೋರ್ಡ್ ಹಾಕಲ್ಲ ಅಂದ್ರ ನಾವೇ ಕೇಳಬಹುದು. 2005ರ ಮಾಹಿತಿ ಹಕ್ಕು ಕಾಯ್ದೆ ಅದಕ್ಕೇ ಇರೋದು. ಅರ್ಜಿಗೆ 10 ರೂಪಾಯಿ, 30 ದಿನದಾಗ ಉತ್ತರ ಕೊಡಬೇಕು. ಒಂದು ಪ್ಲೇಟ್ ಮಂಡಾಳು ಒಗ್ಗರಣೆ, ಮಿರ್ಚಿಗಿಂತ ಕಡಿಮೆ ಖರ್ಚು. ಹೊಸ ಹವ್ಯಾಸ ಹುಡುಕ್ತಿರೋರಿಗೆ ಇದಕ್ಕಿಂತ ಅಗ್ಗದ್ದು ನಾನು ಕಂಡಿಲ್ಲ. ಮಾನ್ವಿದೊಂದು, ದೇವದುರ್ಗದೊಂದು ಅರ್ಜಿ ನಾನು ಬರೀತಿದ್ದೀನಿ. ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯವರು ನಿಮ್ಮೂರಿಂದು ನೀವು ಬರೀರಿ. ಮಾದರಿ ಬೇಕಾದ್ರ ಡಿಎಂ ಮಾಡ್ರಿ, ಕಳಿಸ್ತೀನಿ.

ಧರಣಿ ಟೆಂಟಿಗೂ ಹೋಗಿ ಬರ್ರಿ. ಅಲ್ಲಿ ಕೂತವರಲ್ಲಿ ನಮ್ಮ ವಯಸ್ಸಿನವರಿಗಿಂತ ನಮ್ಮ ಅಪ್ಪನ ವಯಸ್ಸಿನವರೇ ಜಾಸ್ತಿ ಕಾಣ್ತಾರೆ. ಆ ಆಸ್ಪತ್ರೆ ಬಂದ್ರ ಹೆಚ್ಚು ವರ್ಷ ಉಪಯೋಗ ಆಗೋದು ಮಾತ್ರ ನಮಗ.

ಕಾಮೆಂಟಿನಾಗ ಒಂದೇ ಹೇಳ್ರಿ: ನಿಮ್ಮ ಮನೆಯಿಂದ ಕೊನೇ ಸಲ ಹೈದರಾಬಾದಿಗೋ ಬೆಂಗಳೂರಿಗೋ ದವಾಖಾನಿಗೆ ಹೋದಾಗ, ಆಸ್ಪತ್ರೆ ಬಿಲ್ಲು ಬಿಟ್ಟು ಉಳಿದದ್ದಕ್ಕ ಎಷ್ಟು ಖರ್ಚಾತು? ಹೆಸರು ಬ್ಯಾಡ, ಊರು ಮತ್ತು ಮೊತ್ತ ಸಾಕು. ಎಲ್ಲಾ ಕೂಡಿಸಿ ಮುಂದಿನ ಪೋಸ್ಟಿನಾಗ ಹಾಕ್ತೀನಿ.

#ರಾಯಚೂರು #ದೇವದುರ್ಗ #ಮಾನ್ವಿ #ರಾಯಚೂರಿಗೆ_ಏಮ್ಸ್ #ಕಲ್ಯಾಣಕರ್ನಾಟಕ