ಮೊದಲ ಕರೆ ಯಾರಿಗೆ?

ಎರಡು ಚಳಿಗಾಲಗಳ ಹಿಂದಿನ ಮಾತು. ರಾತ್ರಿ ಹನ್ನೊಂದೂವರೆಯ ಸುಮಾರಿಗೆ ನನ್ನ ಮೊಬೈಲು ರಿಂಗಣಿಸಿತು. ಕರೆ ಮಾಡಿದವರು ಇಲ್ಲಿಯೇ, ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಪ್ರದೇಶದಲ್ಲಿ, ಸಾಫ್ಟ್‌ವೇರ್ ಕೆಲಸದಲ್ಲಿರುವ ಕನ್ನಡದ ತರುಣ. ಯುಗಾದಿ ಕೂಟವೊಂದರಲ್ಲಿ ಪರಿಚಯವಾದವರು. "ಡಾಕ್ಟ್ರೇ, ಇಷ್ಟು ಹೊತ್ತಿನಲ್ಲಿ ತೊಂದರೆ ಕೊಡ್ತಿದ್ದೀನಿ, ಕ್ಷಮಿಸಿ. ಊರಿನಿಂದ ಬಂದಿರೋ ಅಪ್ಪನಿಗೆ ಗ್ಯಾಸ್ಟ್ರಿಕ್ ಜಾಸ್ತಿಯಾಗಿದೆ. ಯಾವ ಮಾತ್ರೆ ಕೊಡಲಿ?"

ನಾನು ವೈದ್ಯನ ಅಭ್ಯಾಸದಂತೆ ವಿಚಾರಿಸತೊಡಗಿದೆ. ರಾತ್ರಿ ಏನು ಊಟ ಮಾಡಿದರು, ಸಕ್ಕರೆ ಕಾಯಿಲೆ ಇದೆಯೇ, ಯಾವ ಯಾವ ಔಷಧ ತೆಗೆದುಕೊಳ್ಳುತ್ತಾರೆ ಎಂದೆಲ್ಲ ಕೇಳಿದೆ. ವಿಡಿಯೊ ಕರೆಗೆ ಬರಲು ಹೇಳಿದೆ. ಪರದೆಯ ಮೇಲೆ ಆ ಹಿರಿಯರ ಮುಖ ಕಂಡಾಗ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. ಹೊರಗೆ ಹಿಮ ಬೀಳುವಷ್ಟು ಚಳಿ. ಅಷ್ಟು ಹೊತ್ತಿಗೆ ಎಂಟು ನಿಮಿಷಗಳು ಕಳೆದಿದ್ದವು. "ನೋಡಪ್ಪ, ಫೋನ್ ಇಡು. ಈಗಲೇ 999 ಮಾಡು" ಎಂದೆ.

ಆ ಎಂಟು ನಿಮಿಷಗಳು ನನ್ನ ಲೆಕ್ಕಕ್ಕೆ ಸೇರಿದವು. ಮಗನಿಗೆ ತಿಳಿಯದೇ ಇರಬಹುದು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ನನಗೆ ತಿಳಿದಿರಬೇಕಿತ್ತು. ನಡುರಾತ್ರಿಯಲ್ಲಿ ನಮ್ಮವರೊಬ್ಬರು ನನ್ನನ್ನು ನಂಬಿ ಕರೆ ಮಾಡಿದ್ದಾರೆಂಬ ಸಂತೋಷವೂ ಆ ವಿಳಂಬದಲ್ಲಿ ಸೇರಿತ್ತೆಂದು ಒಪ್ಪಿಕೊಳ್ಳಬೇಕು. ಅಂದಿನಿಂದ ಈ ದೇಶದ ತುರ್ತು ಸೇವೆಯನ್ನೂ ಅದರ ಬಗ್ಗೆ ನಮ್ಮವರಿಗಿರುವ ಸಂಕೋಚವನ್ನೂ ಒಟ್ಟಿಗೆ ಯೋಚಿಸುತ್ತ ಬಂದಿದ್ದೇನೆ.

999ರ ಹುಟ್ಟಿನ ಹಿಂದೆಯೂ ಒಂದು ವಿಳಂಬದ ಕಥೆಯಿದೆ. 1935ರ ನವೆಂಬರಿನಲ್ಲಿ ಲಂಡನ್ನಿನ ವಿಂಪೋಲ್ ಸ್ಟ್ರೀಟಿನ ಮನೆಯೊಂದಕ್ಕೆ ಬೆಂಕಿ ಬಿದ್ದು ಐವರು ಮಹಿಳೆಯರು ಸತ್ತರು. ಅಗ್ನಿಶಾಮಕ ದಳಕ್ಕೆ ತಿಳಿಸಲು ಯತ್ನಿಸಿದ ನೆರೆಮನೆಯವರ ಕರೆ ದೂರವಾಣಿ ವಿನಿಮಯ ಕೇಂದ್ರದ ಸರತಿಯಲ್ಲಿ ಸಿಕ್ಕಿಕೊಂಡಿತು. ಅವರು 'ದಿ ಟೈಮ್ಸ್' ಪತ್ರಿಕೆಗೆ ಬರೆದ ಪತ್ರ ಚರ್ಚೆಗೆ ಕಾರಣವಾಗಿ, 1937ರ ಜೂನ್ 30ರಂದು ಲಂಡನ್ನಿನಲ್ಲಿ 999 ಸೇವೆ ಆರಂಭವಾಯಿತು. ಸಾಮಾನ್ಯ ಕರೆಗಳ ಗುಂಪಿನಿಂದ ತುರ್ತು ಕರೆಯನ್ನು ಬೇರ್ಪಡಿಸಿ ಮುಂದೆ ತರುವುದೇ ಅದರ ಉದ್ದೇಶವಾಗಿತ್ತು.

ಇಂದು ಆ ಸರತಿ ಬೇರೆ ಕಡೆಗೆ ಸ್ಥಳಾಂತರಗೊಂಡಿದೆ. ಆಂಬುಲೆನ್ಸ್ ರೋಗಿಯನ್ನು ಆಸ್ಪತ್ರೆಗೆ ತಂದ ಮೇಲೆ ಹದಿನೈದು ನಿಮಿಷಗಳಲ್ಲಿ ಒಪ್ಪಿಸಿ ಮುಂದಿನ ಕರೆಗೆ ಹೋಗಬೇಕೆಂಬುದು ನಿಯಮ. ಆದರೆ ತುರ್ತು ವಿಭಾಗದಲ್ಲಿ ಜಾಗವಿಲ್ಲ. ಏಕೆಂದರೆ ವಾರ್ಡುಗಳಲ್ಲಿ ಹಾಸಿಗೆಯಿಲ್ಲ. ಏಕೆಂದರೆ ಗುಣಮುಖರಾದ ವೃದ್ಧರನ್ನು ಮನೆಯಲ್ಲಿಯೋ ಆರೈಕೆ ಕೇಂದ್ರದಲ್ಲಿಯೋ ನೋಡಿಕೊಳ್ಳುವ ವ್ಯವಸ್ಥೆ ಸಕಾಲದಲ್ಲಿ ಸಿಗುವುದಿಲ್ಲ. ಹೀಗಾಗಿ ಆಂಬುಲೆನ್ಸುಗಳು ಆಸ್ಪತ್ರೆಯ ಬಾಗಿಲಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಚಳಿಗಾಲದಲ್ಲಿ ಪತ್ರಿಕೆಗಳ ಮುಖಪುಟದಲ್ಲಿ ಕಾಣುವ ಚಿತ್ರ ಇದೇ.

ಅಂಕಿಗಳನ್ನು ಸ್ವಲ್ಪ ಬಿಡಿಸಿ ನೋಡಬೇಕು. 2017ರ ಸುಧಾರಣೆಯ ಅನಂತರ ಇಂಗ್ಲೆಂಡಿನಲ್ಲಿ ಆಂಬುಲೆನ್ಸ್ ಕರೆಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸುತ್ತಾರೆ. ಹೃದಯ ನಿಂತಿರುವುದು, ಉಸಿರಾಟ ನಿಂತಿರುವುದು ಮೊದಲನೆಯ ವರ್ಗ. ಇದಕ್ಕೆ ಸರಾಸರಿ ಏಳು ನಿಮಿಷಗಳಲ್ಲಿ ನೆರವು ತಲುಪಬೇಕು. ಹೃದಯಾಘಾತದ ಶಂಕೆ, ಪಾರ್ಶ್ವವಾಯು ಎರಡನೆಯ ವರ್ಗ. ಇದರ ಗುರಿ ಸರಾಸರಿ ಹದಿನೆಂಟು ನಿಮಿಷ. ಮೂರನೆಯ ಮತ್ತು ನಾಲ್ಕನೆಯ ವರ್ಗದವರು ಎರಡು, ಮೂರು ಗಂಟೆಗಳವರೆಗೆ ಕಾಯಬೇಕಾಗಬಹುದು. 2022ರ ಡಿಸೆಂಬರಿನಲ್ಲಿ ಎರಡನೆಯ ವರ್ಗದ ಸರಾಸರಿ ಒಂದೂವರೆ ಗಂಟೆಯನ್ನು ದಾಟಿತ್ತು. 2023ರಲ್ಲಿ ಸರ್ಕಾರ ತಾತ್ಕಾಲಿಕವಾಗಿ ಮೂವತ್ತು ನಿಮಿಷಗಳ ಸಡಿಲ ಗುರಿಯನ್ನು ಇಟ್ಟುಕೊಂಡಿತು. ಗಮನಿಸಬೇಕಾದ ಸಂಗತಿಯೆಂದರೆ, ಆ ಕೆಟ್ಟ ಡಿಸೆಂಬರಿನಲ್ಲಿಯೂ ಮೊದಲ ವರ್ಗದ ಸರಾಸರಿ ಸುಮಾರು ಹನ್ನೊಂದು ನಿಮಿಷಗಳಿಗೆ ನಿಂತಿತ್ತು. ಅಂದರೆ ವ್ಯವಸ್ಥೆ ಬಸವಳಿದಾಗ ವರ್ಗೀಕರಣದ ಮಹತ್ವ ಇನ್ನೂ ಹೆಚ್ಚುತ್ತದೆ. ನಾವು ಫೋನಿನಲ್ಲಿ ಏನು ಹೇಳುತ್ತೇವೆ ಎಂಬುದರ ಮೇಲೆ ನಮ್ಮ ವರ್ಗ ನಿಂತಿದೆ.

ಮತ್ತೆ ಆ ರಾತ್ರಿಗೆ ಬರುತ್ತೇನೆ. ಮಗ 999ಕ್ಕೆ ಕರೆ ಮಾಡಿದರು. ಆದರೆ ಹೇಳಿದ್ದು "ಗ್ಯಾಸ್ಟ್ರಿಕ್ ನೋವು, ಊಟವಾದ ಮೇಲೆ ಶುರುವಾಯಿತು" ಎಂದು. ಎದೆನೋವಿದೆಯೇ ಎಂದು ಆ ಕಡೆಯವರು ಕೇಳಿದಾಗ "ಇಲ್ಲ, ಗ್ಯಾಸ್ ಅಷ್ಟೇ" ಎಂದರು. ನರ್ಸ್ ಒಬ್ಬರು ಮರಳಿ ಕರೆ ಮಾಡುವರೆಂದು ಉತ್ತರ ಬಂತು. ಅವರು ಸುಳ್ಳು ಹೇಳಲಿಲ್ಲ, ಅನುವಾದ ಮಾಡಿದರು. ನಮ್ಮ ಮನೆಗಳಲ್ಲಿ ಎದೆಯುರಿ, ಹೊಟ್ಟೆಯುಬ್ಬರ, ಎದೆ ಹಿಂಡುವುದು, ಬೆನ್ನಿಗೆ ಹಿಡಿದುಕೊಳ್ಳುವುದು ಎಲ್ಲವೂ 'ಗ್ಯಾಸ್ಟ್ರಿಕ್' ಎಂಬ ಒಂದೇ ಚೀಲದಲ್ಲಿ ಸೇರಿಹೋಗಿವೆ. ಇಲ್ಲಿನ ಕಿವಿಗೆ ಆ ಪದ ಹೊಟ್ಟೆಯನ್ನು ಮಾತ್ರ ಸೂಚಿಸುತ್ತದೆ. ತಂದೆಯವರು ಕನ್ನಡದಲ್ಲಿ ಹೇಳುತ್ತಿದ್ದದ್ದು ಬೇರೆ: "ಎದೆ ಮೇಲೆ ಯಾರೋ ಕೂತ ಹಾಗಿದೆ ಕಣೋ." ಆ ಒಂದು ವಾಕ್ಯವನ್ನು ಇದ್ದಂತೆಯೇ ಇಂಗ್ಲಿಷಿಗೆ ದಾಟಿಸಿದ್ದರೆ ಸಾಕಿತ್ತು. ಎರಡನೆಯ ಬಾರಿ ನನ್ನ ಒತ್ತಾಯದ ಮೇರೆಗೆ ಅವರು ಹಾಗೆಯೇ ಹೇಳಿದರು. ಆಂಬುಲೆನ್ಸ್ ಬಂತು. ಮನೆಯಲ್ಲೇ ಇಸಿಜಿ ತೆಗೆದು, ಹತ್ತಿರದ ಆಸ್ಪತ್ರೆಯನ್ನು ಬಿಟ್ಟು, ರಕ್ತನಾಳ ತೆರೆಯುವ ಸೌಲಭ್ಯವಿರುವ ಹೃದಯ ಕೇಂದ್ರಕ್ಕೆ ನೇರವಾಗಿ ಕರೆದೊಯ್ದರು. ಹಿರಿಯರು ಉಳಿದರು. ಆದರೆ ಹೃದಯದ ಸ್ನಾಯುವಿನ ಒಂದು ಭಾಗ ಉಳಿಯಲಿಲ್ಲ. ಮನೆಯ ಮೆಟ್ಟಿಲು ಹತ್ತಿದರೆ ಅವರಿಗೆ ಈಗ ಏದುಸಿರು ಬರುತ್ತದೆ.

ದಕ್ಷಿಣ ಏಷ್ಯಾ ಮೂಲದವರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಹೆಚ್ಚು. ಸಕ್ಕರೆ ಕಾಯಿಲೆ ಇರುವವರಲ್ಲಿ ನೋವೇ ಇಲ್ಲದೆ, ಬರಿಯ ಬೆವರು, ಸುಸ್ತು, ಉಸಿರಿನ ಕಷ್ಟಗಳಾಗಿ ಹೃದಯಾಘಾತ ಕಾಣಿಸಿಕೊಳ್ಳಬಹುದು. ಆದ್ದರಿಂದ ಫೋನಿನಲ್ಲಿ ನಮ್ಮ ರೋಗನಿರ್ಣಯವನ್ನು ಹೇಳಬಾರದು, ಕಂಡದ್ದನ್ನು ಹೇಳಬೇಕು. 'ಬಿ.ಪಿ. ಏರಿರಬೇಕು' ಎನ್ನುವ ಬದಲು 'ಬಾಯಿ ಒಂದು ಕಡೆ ಸೊಟ್ಟಗಾಗಿದೆ, ಎಡಗೈ ಎತ್ತಲಾಗುತ್ತಿಲ್ಲ, ಮಾತು ತೊದಲುತ್ತಿದೆ' ಎಂದು ಹೇಳಬೇಕು. ಪಾರ್ಶ್ವವಾಯುವಿನಲ್ಲಿ ಕೊನೆಯದಾಗಿ ಅವರು ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ ಎಂಬುದೂ ಮುಖ್ಯ. ರಕ್ತದ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಮಿದುಳಿನಲ್ಲಿ ದೊಡ್ಡ ರಕ್ತನಾಳ ಕಟ್ಟಿಕೊಂಡಾಗ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆಂಬ ಅಂದಾಜಿದೆ.

ಕರೆಯ ಕ್ರಮ ಸರಳವಾದುದು. ಮೊದಲು ಆಪರೇಟರ್ ಯಾವ ಸೇವೆ ಬೇಕೆಂದು ಕೇಳುತ್ತಾರೆ. 'ಆಂಬುಲೆನ್ಸ್' ಎಂದರೆ ಆಂಬುಲೆನ್ಸ್ ನಿಯಂತ್ರಣ ಕೊಠಡಿಗೆ ಜೋಡಿಸುತ್ತಾರೆ. ರೋಗಿ ಉಸಿರಾಡುತ್ತಿದ್ದಾರೆಯೇ, ಎಚ್ಚರವಾಗಿದ್ದಾರೆಯೇ ಎಂಬುದನ್ನು ಮೊದಲಿಗೇ ಕೇಳುವುದು ಮೊದಲ ವರ್ಗದ ಕರೆಯನ್ನು ಕೂಡಲೇ ಗುರುತಿಸಲೆಂದೇ. ಎಲ್ಲಿದ್ದೀರಿ ಎಂಬ ಪ್ರಶ್ನೆಗೆ ಮನೆ ಸಂಖ್ಯೆ ಮತ್ತು ಪೋಸ್ಟ್‌ಕೋಡ್ ಹೇಳಿದರೆ ಸಾಕು. ಇಷ್ಟೊಂದು ಪ್ರಶ್ನೆಗಳನ್ನು ಕೇಳಿ ಕಾಲ ಕಳೆಯುತ್ತಿದ್ದಾರೆಂದು ನಮ್ಮವರು ಸಿಟ್ಟಾಗುತ್ತಾರೆ. ಜೀವಕ್ಕೆ ತಕ್ಷಣದ ಅಪಾಯವಿರುವ ಕರೆಗಳಲ್ಲಿ ನೀವು ಉತ್ತರಿಸುತ್ತಿರುವಾಗಲೇ ವಾಹನ ಹೊರಟಿರುತ್ತದೆ. ಪ್ರಶ್ನೆಗಳು ಅದನ್ನು ತಡೆಯುವುದಿಲ್ಲ. ಅವರೇ ಹೇಳುವವರೆಗೆ ಫೋನ್ ಇಡಬಾರದು. ಉಸಿರು ನಿಂತಿದ್ದರೆ ಎದೆ ಒತ್ತುವ ವಿಧಾನವನ್ನು ಅವರು ಎಣಿಸುತ್ತ ಹೇಳಿಕೊಡುತ್ತಾರೆ. ಹತ್ತಿರದ ಡಿಫಿಬ್ರಿಲೇಟರ್ ಪೆಟ್ಟಿಗೆ ಎಲ್ಲಿದೆ, ಬೀಗದ ಸಂಕೇತವೇನು ಎಂಬುದನ್ನೂ ತಿಳಿಸುತ್ತಾರೆ. ಎದೆನೋವಿಗೆ ಆಸ್ಪಿರಿನ್ ಜಗಿಯಲು ಹೇಳಬಹುದು. ಅಲರ್ಜಿಯಿದ್ದರೆ ಆಗಲೇ ತಿಳಿಸಬೇಕು. ಮನೆಯ ಮುಂದಿನ ದೀಪ ಹಾಕಿ, ಬಾಗಿಲಿನ ಚಿಲಕ ತೆಗೆದು, ಔಷಧಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದಿರಬೇಕು.

ಆಂಬುಲೆನ್ಸ್ ತಡವೆಂಬ ಸುದ್ದಿ ಓದಿ "ನಾವೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇವೆ" ಎನ್ನುವವರು ಹೆಚ್ಚುತ್ತಿದ್ದಾರೆ. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಹೃದಯಾಘಾತದಲ್ಲಿ ಕಾರು ನಿಮ್ಮನ್ನು ಹತ್ತಿರದ ಆಸ್ಪತ್ರೆಗೆ ಒಯ್ಯುತ್ತದೆ. ಆಂಬುಲೆನ್ಸ್ ಸರಿಯಾದ ಆಸ್ಪತ್ರೆಗೆ ಒಯ್ಯುತ್ತದೆ. ದಾರಿಯಲ್ಲಿ ಹೃದಯ ನಿಂತರೆ ಕಾರಿನಲ್ಲಿ ಮಾಡುವಂಥದ್ದು ಏನೂ ಇರುವುದಿಲ್ಲ. ಹೊರಡುವ ನಿರ್ಧಾರವನ್ನು 999ರವರ ಜೊತೆ ಮಾತನಾಡಿಯೇ ಮಾಡಬೇಕು. ಕಾಯುವಾಗ ಸ್ಥಿತಿ ಹದಗೆಟ್ಟರೆ ಮತ್ತೆ ಕರೆ ಮಾಡಲು ಸಂಕೋಚಪಡಬಾರದು, ವರ್ಗ ಬದಲಾಗಬಹುದು. ಜೀವಕ್ಕೆ ಅಪಾಯವಿಲ್ಲದ ಜ್ವರ, ವಾಂತಿ, ಉಳುಕುಗಳಿಗೆ 111 ಇದೆ. ಅಲ್ಲಿಗೆ ಕರೆ ಮಾಡುವುದೂ ಆಂಬುಲೆನ್ಸ್ ಸರತಿಯಲ್ಲಿ ಮತ್ತೊಬ್ಬರಿಗೆ ದಾರಿ ಬಿಟ್ಟುಕೊಟ್ಟಂತೆ.

ಇನ್ನೊಂದು ಹಿಂಜರಿಕೆ ಹಣದ್ದು. ಸಂದರ್ಶಕ ವೀಸಾದಲ್ಲಿ ಬಂದ ತಂದೆತಾಯಿಗಳಿಗೆ ಕಾಯಿಲೆಯಾದರೆ ಮನೆಯವರ ತಲೆಯಲ್ಲಿ ಮೊದಲು ಓಡುವುದು ಬಿಲ್ಲು. ಇಂಗ್ಲೆಂಡಿನ ನಿಯಮ ಹೀಗಿದೆ: ಎ ಅಂಡ್ ಇ ವಿಭಾಗದಲ್ಲಿ ಕೊಡುವ ಚಿಕಿತ್ಸೆಗೆ ಯಾರಿಂದಲೂ ಶುಲ್ಕವಿಲ್ಲ. ಒಳರೋಗಿಯಾಗಿ ದಾಖಲಾದ ಮೇಲೆ ಸಂದರ್ಶಕರು ಎನ್‌ಎಚ್‌ಎಸ್ ದರದ ಶೇ 150ರಷ್ಟನ್ನು ಕೊಡಬೇಕಾಗುತ್ತದೆ. ಆದರೆ ತಕ್ಷಣ ಬೇಕಾದ ಚಿಕಿತ್ಸೆಯನ್ನು ಹಣ ಬರಲಿಲ್ಲವೆಂದು ತಡೆಯುವಂತಿಲ್ಲ. ಆದ್ದರಿಂದ ಹಣದ ಚಿಂತೆಗೆ ಸರಿಯಾದ ಕಾಲ ಊರಿನಲ್ಲಿ ವಿಮೆ ಕೊಳ್ಳುವಾಗ. ಆಗ ಹಳೆಯ ಸಕ್ಕರೆ ಕಾಯಿಲೆ, ಸ್ಟೆಂಟ್‌ಗಳನ್ನು ಮುಚ್ಚಿಡದೆ ಬರೆದುಕೊಡಬೇಕು. ಮಧ್ಯರಾತ್ರಿ ಎದೆ ಹಿಡಿದುಕೊಂಡಾಗ ಲೆಕ್ಕ ಹಾಕುತ್ತ ಕೂರಬಾರದು.

ನನ್ನ ದೊಡ್ಡ ಆತಂಕ ಹಗಲಿನದು. ಮಗ, ಸೊಸೆ ಕೆಲಸಕ್ಕೂ ಮೊಮ್ಮಕ್ಕಳು ಶಾಲೆಗೂ ಹೋದ ಮೇಲೆ ಮನೆಯಲ್ಲಿ ಇಬ್ಬರೇ ಹಿರಿಯರು ಉಳಿಯುತ್ತಾರೆ. ಕೈಯಲ್ಲಿ ಊರಿನಿಂದ ತಂದ ಫೋನು, ಮನೆಯ ವೈಫೈ, ವಾಟ್ಸ್‌ಆ್ಯಪ್. ಅಷ್ಟನ್ನು ನಂಬಿ 999ಕ್ಕೆ ಕರೆ ಮಾಡಲಾಗದು. ಸಿಮ್ ಇಲ್ಲದ ಫೋನಿನಿಂದ ಈ ದೇಶದಲ್ಲಿ ತುರ್ತು ಕರೆ ಹೋಗುವುದಿಲ್ಲ. ಆದ್ದರಿಂದ ಬಂದ ಮೊದಲ ದಿನವೇ ಇಲ್ಲಿನ ಸಿಮ್ ಹಾಕಿಕೊಡಬೇಕು. ಊರಿನ 108 ಇಲ್ಲಿ ನಡೆಯದು. ಆದರೆ ಭಾರತದಲ್ಲಿ ಈಗ ಬಳಕೆಗೆ ಬಂದಿರುವ 112 ಇಲ್ಲಿಯೂ ನಡೆಯುತ್ತದೆ. 999 ಮರೆತರೂ ಅದು ಸಾಕು. ಆಂಬುಲೆನ್ಸ್ ಸೇವೆಗಳು ದೂರವಾಣಿಯಲ್ಲಿ ದುಭಾಷಿಗಳ ನೆರವು ಪಡೆಯುತ್ತವೆ. 'ಕನ್ನಡ' ಎಂದು ಭಾಷೆಯ ಹೆಸರು ಹೇಳಬಹುದು. ಆದರೆ ದುಭಾಷಿ ಸಿಗುವವರೆಗೂ ಕಾಯಬಾರದೆಂದರೆ ನಾಲ್ಕು ಇಂಗ್ಲಿಷ್ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಬೇಕು: 'ಆಂಬುಲೆನ್ಸ್ ಪ್ಲೀಸ್', 'ಚೆಸ್ಟ್ ಪೇನ್', 'ನಾಟ್ ಬ್ರೀದಿಂಗ್', ಜೊತೆಗೆ ಮನೆಯ ವಿಳಾಸ. ಒಂದೆರಡು ಬಾರಿ ಓದಿಸಿ ಅಭ್ಯಾಸ ಮಾಡಿಸಬೇಕು. ಅತ್ತೆಯವರೂ ಅಮ್ಮನೂ ನಗುತ್ತಾರೆ, ನಗಲಿ.

ನಮ್ಮ ಕನ್ನಡ ಕೂಟಗಳಿಗೂ ಇಲ್ಲಿ ಕೆಲಸವಿದೆ. ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ಬದುಕಿ ಮನೆಗೆ ಮರಳುವವರು ಈ ದೇಶದಲ್ಲಿ ಹತ್ತರಲ್ಲಿ ಒಬ್ಬರಿಗಿಂತಲೂ ಕಡಿಮೆ. ಎದೆ ಒತ್ತದೆ, ಡಿಫಿಬ್ರಿಲೇಟರ್ ಬಳಸದೆ ಕಳೆಯುವ ಪ್ರತಿ ನಿಮಿಷವೂ ಬದುಕುವ ಸಾಧ್ಯತೆಯನ್ನು ಶೇ 10ರವರೆಗೆ ತಗ್ಗಿಸುತ್ತದೆ. ಆಂಬುಲೆನ್ಸ್ ಏಳೇ ನಿಮಿಷಗಳಲ್ಲಿ ಬಂದರೂ ಆ ಏಳು ನಿಮಿಷಗಳು ಮನೆಯವರದು. ದೀಪಾವಳಿ ಕಾರ್ಯಕ್ರಮದಲ್ಲಿ ಭಾಷಣಗಳ ನಡುವೆ ಹದಿನೈದು ನಿಮಿಷಗಳನ್ನು ಸಿಪಿಆರ್ ಕಲಿಸಲು ಕೊಟ್ಟರೆ ಹೋಳಿಗೆಯ ಊಟ ತಣ್ಣಗಾಗುವುದಿಲ್ಲ. ಕಲಿಸಲು ಸಿದ್ಧರಿರುವ ವೈದ್ಯರು, ದಾದಿಯರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಇನ್ನು ನನ್ನಂಥ ವೈದ್ಯರಿಗೂ ಒಂದು ಮಾತು. ಪರಿಚಿತರು ರಾತ್ರಿ ಕರೆ ಮಾಡಿದಾಗ ನಾನು ಈಗ ಮೊದಲು ಕೇಳುವುದು ಊಟದ ವಿಷಯವನ್ನಲ್ಲ. ಎದೆನೋವಿದೆಯೇ, ಉಸಿರಾಟ ಹೇಗಿದೆ, ಬೆವರಿದೆಯೇ, ಮಾತು ಸರಿಯಿದೆಯೇ ಎಂದಷ್ಟೇ ಕೇಳುತ್ತೇನೆ. ಒಂದಕ್ಕೆ ಸಂಶಯದ ಉತ್ತರ ಬಂದರೂ ಮಾತು ಅಲ್ಲಿಗೇ ನಿಲ್ಲುತ್ತದೆ. ನನ್ನನ್ನು ಕೇಳುವುದು ತಪ್ಪಲ್ಲ. ಆದರೆ ನಾನು ಎರಡನೆಯ ಕರೆಯಾಗಿರಬೇಕು.

ಆ ಹಿರಿಯರು ಊರಿಗೆ ಮರಳುವ ಮುನ್ನ ನಮ್ಮ ಮನೆಗೆ ಬಂದಿದ್ದರು. ಹೊರಡುವಾಗ ನನ್ನ ಕೈ ಹಿಡಿದು, "ನೀವಿಲ್ಲದಿದ್ದರೆ ಏನಾಗ್ತಿತ್ತೋ ಡಾಕ್ಟ್ರೇ" ಎಂದರು. ಎಂಟು ನಿಮಿಷಗಳ ವಿಷಯವನ್ನು ಅವರಿಗೆ ಹೇಳಲು ನನ್ನಿಂದ ಆಗಲಿಲ್ಲ. ಆದ್ದರಿಂದ ಇಲ್ಲಿ ಬರೆದಿದ್ದೇನೆ.