ಕೂತ ಕೊಂಬೆಯನ್ನು ಬದಲಿಸುವುದು

"ಹೊಸ ಆವೃತ್ತಿ ಬಂದಿದೆ, ಈಗಲೇ ಹಾಕಲೇ?" ಎಂದು ಕಂಪ್ಯೂಟರ್ ಕೇಳಿದರೆ ನಾವೆಲ್ಲ "ಆಮೇಲೆ" ಒತ್ತುವವರೇ. ಅಂಗಡಿಗಳ ಲೆಕ್ಕದ ಪ್ರೋಗ್ರಾಂ ಬರೆಯುವುದು ನನ್ನ ಹೊಟ್ಟೆಪಾಡು. ಹಾಗಾಗಿ ಆ ಪ್ರಶ್ನೆಯ ಹಿಂದೆ ಏನೇನು ನಡೆಯುತ್ತದೆ ಎಂದು ಈ ಸಲ ಹೇಳುತ್ತೇನೆ.

ಹೊಸ ಫೈಲ್ ಇಳಿಸಿಕೊಳ್ಳುವುದು ಸುಲಭ. ತೊಡಕಿರುವುದು ಅದನ್ನು ಹಳೆಯದರ ಜಾಗದಲ್ಲಿ ಕೂರಿಸುವುದರಲ್ಲಿ. ಓಡುತ್ತಿರುವ ಪ್ರೋಗ್ರಾಮಿನ ಫೈಲನ್ನು ಅಳಿಸಲು ವಿಂಡೋಸ್ ಬಿಡುವುದಿಲ್ಲ, ಅದರ ಮೇಲೆ ಬರೆಯಲೂ ಬಿಡುವುದಿಲ್ಲ. ತಮಾಷೆಯೆಂದರೆ, ಹೆಸರು ಬದಲಿಸಲು ಮಾತ್ರ ಬಿಡುತ್ತದೆ! ಅದಕ್ಕೇ ಕೆಲವರು ಹಳೆಯದಕ್ಕೆ ಬೇರೆ ಹೆಸರಿಟ್ಟು, ಹೊಸದನ್ನು ಅದರ ಜಾಗಕ್ಕೆ ತರುತ್ತಾರೆ. ನನಗೆ ಹಿಡಿಸಿದ್ದು ಕ್ರೋಮ್ ಬ್ರೌಸರಿನ ದಾರಿ. ಹೊಸ ಆವೃತ್ತಿ ಬೇರೆಯದೇ ಫೋಲ್ಡರಿನಲ್ಲಿ ಇಳಿಯುತ್ತದೆ, ಮುಂದಿನ ಸಲ ತೆರೆದಾಗ ಅದು ಏಳುತ್ತದೆ. ಹಳೆಯದು ಪಕ್ಕದಲ್ಲೇ ಇರುವುದರಿಂದ ನಡುವೆ ಕರೆಂಟ್ ಹೋದರೂ ಬಿಲ್ಲಿಂಗ್ ನಿಲ್ಲುವುದಿಲ್ಲ.

ನಿದ್ದೆ ಕೆಡಿಸುವ ಪ್ರಶ್ನೆ ಬೇರೆ. ಈ ಬಾಗಿಲಿನಿಂದ ನಾನಲ್ಲದೆ ಇನ್ಯಾರೋ ಒಳಗೆ ಬಂದರೆ? 2017ರ ಜೂನ್‌ನಲ್ಲಿ ಉಕ್ರೇನಿನಲ್ಲಿ ಆದದ್ದು ಅದೇ. ಎಂ.ಇ.ಡಾಕ್ ಅಲ್ಲಿನ ತೆರಿಗೆ ಲೆಕ್ಕದ ಪ್ರೋಗ್ರಾಂ, ನಾನು ಬರೆಯುವಂಥದ್ದೇ. ಅದರ ಅಪ್‌ಡೇಟಿನೊಳಗೆ ನುಸುಳಿದವರು ನಾಟ್‌ಪೆಟ್ಯಾ ಹಬ್ಬಿಸಿದರು. ಡೆನ್ಮಾರ್ಕಿನ ಹಡಗು ಕಂಪನಿ ಮೇರ್ಸ್ಕ್ ತತ್ತರಿಸಿತು. ಮುಂಬೈ ಓದುಗರಿಗೆ ನೆನಪಿರಬಹುದು, ಅದರ ಬಳಗದವರು ಜೆಎನ್‌ಪಿಟಿಯಲ್ಲಿ ನಡೆಸುವ ಕಂಟೇನರ್ ಟರ್ಮಿನಲ್ಲಿಗೂ ಏಟು ಬಿತ್ತು. ಎಲ್ಲಿಯ ಉಕ್ರೇನ್, ಎಲ್ಲಿಯ ನ್ಹಾವಾ ಶೇವಾ!

ಇದಕ್ಕೆ ಮದ್ದು ಡಿಜಿಟಲ್ ಸಹಿ. ಹೊಸ ಆವೃತ್ತಿಗೆ ನಾನು ಗುಪ್ತ ಕೀಲಿಯಿಂದ ಸಹಿ ಹಾಕುತ್ತೇನೆ. ಅಂಗಡಿಯಲ್ಲಿರುವ ಪ್ರೋಗ್ರಾಂ ತನ್ನೊಳಗಿನ ಇನ್ನೊಂದು ಕೀಲಿಯಿಂದ ತಾಳೆ ನೋಡುತ್ತದೆ, ಹೊಂದದಿದ್ದರೆ ಎಸೆಯುತ್ತದೆ. ಗುಪ್ತ ಕೀಲಿಯನ್ನು ಅಪ್‌ಡೇಟ್ ಸರ್ವರಿನಲ್ಲೇ ಇಡುವುದೆಂದರೆ ಬೀಗ ಹಾಕಿ ಕೀಲಿಯನ್ನು ಚಿಲಕಕ್ಕೇ ನೇತುಹಾಕಿದ ಹಾಗೆ. ಇನ್ನೊಂದು ಕಿತಾಪತಿ ಇದೆ: ತೂತುಗಳಿರುವ ನಮ್ಮದೇ ಹಳೆಯ ಆವೃತ್ತಿಯನ್ನು ಯಾರಾದರೂ ಕಳಿಸಿದರೆ ಸಹಿ ಸರಿಯಾಗಿಯೇ ಇರುತ್ತದೆ. ಆದ್ದರಿಂದ ಆವೃತ್ತಿಯ ಸಂಖ್ಯೆ ಏರಿದೆಯೇ ಎಂದೂ ನೋಡಬೇಕು.

ಕಳ್ಳರೇ ಇಲ್ಲದೆಯೂ ಕೆಡುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ತಾನೇ ಕಳಿಸಿದ ಒಂದು ಫೈಲಿನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ, 85 ಲಕ್ಷ ಕಂಪ್ಯೂಟರುಗಳು ಕೆಟ್ಟು ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ನಾನಂತೂ ಹೊಸದನ್ನು ಮೊದಲು ಹತ್ತೇ ಅಂಗಡಿಗೆ ಬಿಡುತ್ತೇನೆ, ಎರಡು ದಿನ ಕಾದು ಉಳಿದವರಿಗೆ. ಹೊಸದು ಎರಡು ಸಲ ತೆರೆಯದಿದ್ದರೆ ಪ್ರೋಗ್ರಾಂ ತಾನಾಗಿಯೇ ಹಳೆಯದಕ್ಕೆ ಮರಳುತ್ತದೆ. ಆದರೆ ಅಷ್ಟರಲ್ಲಿ ಹೊಸದು ಡೇಟಾಬೇಸಿನ ರೂಪ ಬದಲಿಸಿಬಿಟ್ಟಿದ್ದರೆ ಹಳೆಯದಕ್ಕೆ ಅದು ಓದಲು ಬಾರದು. ಅದಕ್ಕೇ ಮೊದಲು ಲೆಕ್ಕದ ಒಂದು ಪ್ರತಿ ತೆಗೆದಿಟ್ಟು, ಅದು ತೆರೆಯುತ್ತದೆಯೇ ಎಂದು ನೋಡಿ, ಆಮೇಲೇ ಮುಂದಿನ ಕೆಲಸ.