ಗಾಲ್ಫ್ ಮೈದಾನದ ಹುಲ್ಲೂ ನಮ್ಮ ಗಿರಣಿಯ ಹಿಂಡಿಯೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ವರ್ತಕರಿಗೂ ಗಾಲ್ಫ್ ಆಟಕ್ಕೂ ಏನು ಸಂಬಂಧವೆಂದು ಓದುಗರು ಹುಬ್ಬೇರಿಸಬಹುದು. ಆಟದೊಂದಿಗೆ ನಮಗೆ ಸಂಬಂಧವಿಲ್ಲವೆಂಬುದು ನಿಜ. ಆದರೆ ಆ ಮೈದಾನದ ಹುಲ್ಲನ್ನು ವರ್ಷವಿಡೀ ಕಾಪಾಡಲು ತಗಲುವ ವೆಚ್ಚದಲ್ಲಿ ನಮ್ಮ ಎಣ್ಣೆ ಗಿರಣಿಗಳಿಗೂ ಒಂದು ಪಾಲಿದೆ ಎಂಬುದು ನನ್ನ ಅಭಿಪ್ರಾಯ. 1876ರಲ್ಲಿ ಸ್ಥಾಪನೆಯಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನಿಂದ ಮೊದಲ್ಗೊಂಡು ನಂದಿಬೆಟ್ಟದ ತಪ್ಪಲಿನ ಹೊಸ ಮೈದಾನಗಳವರೆಗೆ ಹಲವು ಮೈದಾನಗಳು ನಮ್ಮ ಲಾರಿಗಳಿಗೆ ಅರ್ಧ ದಿನದ ಹಾದಿಯಲ್ಲಿವೆ.

ಮೈದಾನವನ್ನು ನಿರ್ಮಿಸುವುದು ಬಂಡವಾಳ ವೆಚ್ಚ. ಅದು ಒಮ್ಮೆಗೆ ಮುಗಿಯುತ್ತದೆ. ಹುಲ್ಲಿನ ಪಾಲನೆ ರಾಜಸ್ವ ವೆಚ್ಚ. ಅದು ಪ್ರತಿ ಋತುವಿನಲ್ಲೂ ಮರಳಿ ಬರುತ್ತದೆ. ಸಣ್ಣ ಉದ್ದಿಮೆದಾರನಿಗೆ ಬೇಕಾದುದು ಈ ಎರಡನೆಯ ಬಗೆಯ ಗಿರಾಕಿ.

ಗಾಲ್ಫ್ ಮೈದಾನಗಳಲ್ಲಿ ಹೆಚ್ಚಾಗಿ ಬೆಳೆಸುವ ಬರ್ಮುಡಾ ಹುಲ್ಲು ನಾವು ಗಣಪತಿಗೆ ಏರಿಸುವ ಗರಿಕೆಯೇ, ಇಲ್ಲವೇ ಅದರ ಮಿಶ್ರತಳಿ. ಚೆಂಡು ಗುಳಿಗೆ ಬೀಳುವ 'ಗ್ರೀನ್' ಎಂಬ ಭಾಗದಲ್ಲಿ ಅದನ್ನು ಮೂರು-ನಾಲ್ಕು ಮಿಲಿಮೀಟರ್ ಎತ್ತರಕ್ಕೆ ಹೆಚ್ಚುಕಡಿಮೆ ನಿತ್ಯವೂ ಕತ್ತರಿಸಲಾಗುತ್ತದೆ. ಬೇಸಿಗೆಯಲ್ಲಿ ನೆಲಕ್ಕೆ ಸಣ್ಣ ರಂಧ್ರಗಳನ್ನು ಕೊರೆದು ಮರಳು ತುಂಬುವುದು, ಮಳೆಗಾಲದಲ್ಲಿ ನೀರು ಬಸಿಯುವಂತೆ ನೋಡಿಕೊಂಡು ಶಿಲೀಂಧ್ರರೋಗ ತಡೆಯುವುದು, ಮಳೆ ನಿಂತ ಮೇಲೆ ಕಳೆ ಕೀಳುವುದು, ಚಳಿಯಲ್ಲಿ ಬೆಳವಣಿಗೆ ಕುಂಠಿತವಾದಾಗ ಗೊಬ್ಬರ ತಗ್ಗಿಸುವುದು, ಇದು ಪಾಲನೆಯ ವಾರ್ಷಿಕ ಚಕ್ರ.

ಮಳೆಗಾಲದಲ್ಲಿ ಮತ್ತೊಂದು ಕಾಟವಿದೆ. ಎರೆಹುಳುಗಳು ಹೊರಹಾಕುವ ಮಣ್ಣಿನ ಗುಪ್ಪೆಗಳಿಂದ ಗ್ರೀನ್ ಮೇಲೆ ಚೆಂಡು ನೇರವಾಗಿ ಉರುಳುವುದಿಲ್ಲ. ಇದಕ್ಕೆ ನಮ್ಮ ದೇಶದ ಹಳೆಯ ಮದ್ದು ಹಿಪ್ಪೆಹಿಂಡಿ. ಅದರಲ್ಲಿರುವ ಸಪೋನಿನ್ ಎಂಬ ನೊರೆಯ ಅಂಶ ಹುಳುಗಳ ಚರ್ಮಕ್ಕೆ ತಾಗಿದೊಡನೆ ಅವು ಮೇಲಕ್ಕೆ ಬರುತ್ತವೆ. 20ನೆಯ ಶತಮಾನದ ಆರಂಭದ ದಶಕಗಳಲ್ಲಿ ಭಾರತದ ಈ ಹಿಂಡಿಯೇ 'ಮೌರಾ ಮೀಲ್' ಎಂಬ ಹೆಸರಿನಿಂದ ಬ್ರಿಟನ್ನಿನ ಗಾಲ್ಫ್ ಮೈದಾನಗಳಿಗೆ ಮಾರಾಟವಾಗುತ್ತಿತ್ತೆಂಬುದನ್ನು ವರ್ತಕ ಬಾಂಧವರು ಗಮನಿಸಬೇಕು.

ನಮ್ಮದು ಕಡಲೆಕಾಯಿಯ ಸೀಮೆ. ಮಳೆ ಕೈಕೊಟ್ಟ ವರ್ಷ ಕಡಲೆಕಾಯಿ ಗಿರಣಿಗಳಿಗೆ ಕೆಲಸವಿರುವುದಿಲ್ಲ. ಹಿಪ್ಪೆ, ಹೊಂಗೆ, ಬೇವು ನಮ್ಮ ನೆಲಕ್ಕೆ ಒಗ್ಗಿದ ಮರಗಳು. ಬೇವು ಮತ್ತು ಹೊಂಗೆಯ ಹಿಂಡಿ ಹುಲ್ಲಿಗೆ ನಿಧಾನವಾಗಿ ಒದಗುವ ಗೊಬ್ಬರ. ಆದರೆ ಇಲ್ಲೊಂದು ಲೆಕ್ಕವಿದೆ. ಹಿಪ್ಪೆಬೀಜ ಕೈಗೆ ಬರುವುದು ಮಳೆಗಾಲದ ಆರಂಭದಲ್ಲಿ. ಹಿಂಡಿಗೆ ಬೇಡಿಕೆ ಇರುವುದೂ ಆಗಲೇ. ಆದ್ದರಿಂದ ಹಿಂದಿನ ವರ್ಷದ ದಾಸ್ತಾನನ್ನು ತೇವ ತಾಗದಂತೆ ಕಾಪಾಡಿ, ಅದರ ಮೇಲಿನ ಬಡ್ಡಿ ಮತ್ತು ಗೋದಾಮಿನ ವೆಚ್ಚವನ್ನು ಬೆಲೆಯಲ್ಲಿ ಸೇರಿಸಿಯೇ ವಾರ್ಷಿಕ ಕರಾರು ಮಾಡಿಕೊಳ್ಳಬೇಕು. ಖಾದ್ಯ ತೈಲ ತೆಗೆಯುವ ಯಂತ್ರದಲ್ಲಿ ಈ ಬೀಜಗಳನ್ನು ಅರೆಯುವುದು ತರವಲ್ಲ.

ಹಣ ವಸೂಲಿಯ ಬಗ್ಗೆಯೂ ಒಂದು ಮಾತು. 2006ರ ಎಂಎಸ್‌ಎಂಇಡಿ ಕಾಯಿದೆಯಂತೆ ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗೆ ಲಿಖಿತ ಕರಾರು ಇದ್ದಲ್ಲಿ ಗರಿಷ್ಠ 45 ದಿನಗಳಲ್ಲಿ, ಇಲ್ಲದಿದ್ದಲ್ಲಿ 15 ದಿನಗಳಲ್ಲಿ ಹಣ ಸಂದಾಯವಾಗಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲಬೇಕು. 2021ರಿಂದ ವರ್ತಕರಿಗೂ ಉದ್ಯಮ್ ನೋಂದಣಿ ದೊರೆತಿದೆಯಾದರೂ ಅದು ಆದ್ಯತಾ ವಲಯದ ಸಾಲಕ್ಕೆ ಮಾತ್ರ ಸೀಮಿತ. ವಿಳಂಬ ಪಾವತಿಯ ರಕ್ಷಣೆ ಅವರಿಗಿಲ್ಲ. ಆದ್ದರಿಂದ ಗಿರಣಿಯವರೇ ನೇರವಾಗಿ ಬಿಲ್ಲು ಮಾಡಿ, ವರ್ತಕರು ದಲ್ಲಾಳಿ ಕಮಿಷನ್ ಪಡೆಯುವುದು ಉಭಯತರಿಗೂ ಕ್ಷೇಮ. ಜಿಎಸ್‌ಟಿಯಲ್ಲಿ ಹಿಂಡಿಯ ವರ್ಗೀಕರಣವನ್ನು ಮೊದಲ ಬಿಲ್ಲಿಗೆ ಮುನ್ನವೇ ಖಚಿತಪಡಿಸಿಕೊಳ್ಳಬೇಕು.

ಇದರ ಮಿತಿಗಳನ್ನೂ ಹೇಳದಿದ್ದರೆ ಲೆಕ್ಕಪರಿಶೋಧಕನ ಧರ್ಮಕ್ಕೆ ಲೋಪವಾದೀತು. ಹಿಪ್ಪೆಹಿಂಡಿ ಮೀನಿಗೆ ಮಾರಕ. ಕೆರೆಗೆ ಹರಿದರೆ ಹಾನಿ ನಿಶ್ಚಿತ. ಎರೆಹುಳು ಮಣ್ಣಿಗೆ ಉಪಕಾರಿಯಾದ್ದರಿಂದ ಅದನ್ನು ಹೊರಗಟ್ಟುವ ಪದ್ಧತಿಯೇ ಮರುವಿಮರ್ಶೆಗೆ ಒಳಗಾಗಿದೆ. ಆದ್ದರಿಂದ ಈ ಒಂದೇ ಸರಕನ್ನು ನೆಚ್ಚಿ ಹೊಸ ಯಂತ್ರಕ್ಕೆ ಸಾಲ ಮಾಡುವುದು ಬೇಡ. ಬೇವು, ಹೊಂಗೆಗಳೊಂದಿಗೆ ಅದೂ ಒಂದಾಗಿರಲಿ; ಇರುವ ಯಂತ್ರಗಳಲ್ಲಿ ಒಂದನ್ನು ಇದಕ್ಕೆಂದೇ ಮೀಸಲಿಟ್ಟರೆ ಸಾಕು.

ಇದಕ್ಕಿಂತ ಸುಲಭವಾದ ಎರಡು ದಾರಿಗಳು ಕೆಲವರ ಕಣ್ಣಿಗೆ ಬೀಳದಿರವು: ಕೊಳವೆಬಾವಿಯ ನೀರುಣಿಸಿ ಲಾನ್ ಹುಲ್ಲು ಬೆಳೆದು ಮಣ್ಣಿನ ಸಮೇತ ಹಾಸುಹಾಸಾಗಿ ಕತ್ತರಿಸಿ ಮಾರುವುದು, ಜಯಮಂಗಲಿಯ ಮರಳನ್ನು ಗ್ರೀನ್‌ಗಳಿಗೆ ಸಾಗಿಸುವುದು. ಅಂತರ್ಜಲ ಬತ್ತಿರುವ ನಮ್ಮ ತಾಲ್ಲೂಕುಗಳಲ್ಲಿ ಇವೆರಡನ್ನೂ ನಾನು ವಿರೋಧಿಸುತ್ತೇನೆ. ಮೇಲ್ಮಣ್ಣು, ನೀರು, ಮರಳನ್ನು ಮಾರಿ ಬಂದ ಹಣ ಲಾಭವಲ್ಲ. ಅದು ಅಸಲನ್ನೇ ಕರಗಿಸಿ ಜಮೆಗೆ ಬರೆದುಕೊಂಡಂತೆ. ಮರ ಪ್ರತಿ ವರ್ಷ ಬೀಜ ಕೊಡುತ್ತದೆ, ಬತ್ತಿದ ಕೊಳವೆಬಾವಿ ಮತ್ತೆ ನೀರು ಕೊಡುವ ಖಾತರಿಯಿಲ್ಲ.

ನಮ್ಮ ಸಂಸ್ಥೆಯು ನಾಲ್ಕೂ ತಾಲ್ಲೂಕುಗಳ ಗಿರಣಿದಾರರ ಸಭೆ ಕರೆದು, ಬೆಂಗಳೂರಿನ ಮೈದಾನಗಳ ಪಾಲಕರನ್ನು ಆಹ್ವಾನಿಸಿ, ಯಾವ ಋತುವಿಗೆ ಎಷ್ಟು ಸರಕು ಬೇಕೆಂದು ಅವರಿಂದಲೇ ಕೇಳಿ ತಿಳಿಯಲಿ. ಬೇಡಿಕೆ ಲಿಖಿತವಾಗಿ ಬಂದ ಮೇಲೆ ಬೀಜ ಸಂಗ್ರಹಕ್ಕೆ ಇಳಿಯುವುದು ವಿವೇಕ. ಮುಂದಿನ ಹಿಪ್ಪೆಬೀಜದ ಕಾಲಕ್ಕೆ ಮುನ್ನ ಈ ಸಭೆ ನಡೆಯಲೆಂದು ಕೋರುತ್ತೇನೆ.